ಹೊಂಗಡಹಳ್ಳದ ಎಂಟು ಸಾಲು ಕಾಫಿ ಗಿಡ

ಶನಿವಾರ ಬೆಳಗಿನ ಶಾಲೆ ಮುಗಿಸಿ ಆಲೂರಿನ ಬಸ್ ನಿಲ್ದಾಣಕ್ಕೆ ಬಂದಾಗ ಹನ್ನೆರಡೂವರೆ ಆಗಿತ್ತು. ಬ್ಯಾಗಿನಲ್ಲಿ ಎರಡು ಸೀರೆ, ತಂಗಿಗೆಂದು ಕಟ್ಟಿಸಿದ ಅರ್ಧ ಕಿಲೋ ಖಾರಾಬೂಂದಿ, ಶಾಲೆಯ ಪ್ರಯೋಗಾಲಯದಿಂದ ಎತ್ತಿಕೊಂಡ ಭೂತಗನ್ನಡಿ. ಈಗ ಮನೆಯಲ್ಲಿ ನಿರಾಳವಾಗಿ ಕೂತು ಬರೆಯುವಾಗ ಆ ಭೂತಗನ್ನಡಿ ನೆನೆದು ನಗು ಬರುತ್ತದೆ. ಅಂದು ಮಾತ್ರ ನಾನು ಸಾವಿನ ಮನೆಗೆ ಹೊರಟವಳ ಹಾಗಿದ್ದೆ.

ವಿಷಯ ಇಷ್ಟು. ನನ್ನ ತಂಗಿ ಗಿರಿಜ ಹೊಂಗಡಹಳ್ಳದ ಹತ್ತಿರ ಮೂರು ಎಕರೆ ಕಾಫಿ ನೋಡಿಕೊಂಡಿದ್ದಾಳೆ. ಅವಳ ಗಂಡ ಲೋಕೇಶ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ವಾರವೆಲ್ಲ ಅಲ್ಲಿನ ಕೆಲಸ, ಹಾಗಾಗಿ ಸ್ವಂತ ತೋಟದ ಒಳ್ಳೆಯದು ಕೆಟ್ಟದ್ದು ಎರಡೂ ಗಿರಿಜಳದೇ. ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಿದ್ದವಳು, ಈ ಸಲ ಕಾಂಡ ಕೊರೆಯುವ ಬೋರರ್ ಹುಳದ ಕಾಟ ಜಾಸ್ತಿ, ಅದು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಕಾಂಡ ಉಜ್ಜಿ ನುಣುಪು ಮಾಡಬೇಕು, ಆದರೆ ಗಿಡಕ್ಕೆ ನೋವಾಗುತ್ತದೇನೋ ಎಂದು ಕೈ ಬರುತ್ತಿಲ್ಲ ಎಂದಿದ್ದಳು. ನಾನು ಕಡುಬಿಗೆ ಹೂರಣ ತುಂಬುತ್ತಾ, ಹೊರತೊಗಟೆ ಸತ್ತ ಭಾಗ, ಧೈರ್ಯವಾಗಿ ಕೆರೆದು ಹಾಕು ಎಂದುಬಿಟ್ಟೆ. ಇಪ್ಪತ್ತಾರು ವರ್ಷದಿಂದ ಒಂಬತ್ತನೇ ತರಗತಿಗೆ ಬೇರು, ಕಾಂಡ, ಎಲೆ ಪಾಠ ಮಾಡಿದವಳ ಮಾತು. ಎಷ್ಟು ಕೆರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗೋಣಿತಾಟಿನಲ್ಲಿ ಉಜ್ಜುವ ಕೆಲಸವನ್ನು ಅವಳು ಕತ್ತಿಯಲ್ಲಿ ಮಾಡಿದ್ದಳು. ಎಂಟು ಸಾಲು ಗಿಡಗಳ ಕಾಂಡವನ್ನು ಸುತ್ತಲೂ, ಬಿಳಿ ಮರ ಕಾಣುವವರೆಗೆ ಕೆರೆದಿದ್ದಳು. ಮೂರು ವಾರ ಕಳೆದ ಮೇಲೆ ಫೋನು ಬಂತು. ಅದರಲ್ಲಿ ಬೈಗುಳವಿರಲಿಲ್ಲ, ಅಳುವೂ ಇರಲಿಲ್ಲ.

"ಎಲೆಯೆಲ್ಲ ಹಸ್ರಾಗೇ ಐತೆ ಕಣಕ್ಕ. ಕಾಂಡ ನೋಡಿದ್ರೆ ಮಾತ್ರ ಭಯ ಆಯ್ತದೆ. ಒಂದ್ಸಲ ಬಂದು ನೋಡು" ಎಂದಷ್ಟೇ ಹೇಳಿ ಇಟ್ಟಳು.

ಎಲೆ ಹಸಿರಾಗಿದೆ ಎಂಬ ಮಾತಿನಿಂದ ಬೇರೆಯವರಿಗೆ ಸಮಾಧಾನವಾಗಬಹುದು, ನನಗೆ ಆಗಲಿಲ್ಲ. ನೀರು ಏರುವುದು ಮರದೊಳಗಿಂದ. ಮರಕ್ಕೆ ಪೆಟ್ಟಾಗಿಲ್ಲದಿದ್ದರೆ ಎಲೆ ಕೆಲವು ವಾರ ಏನೂ ಆಗದ ಹಾಗೆ ನಗುತ್ತಿರುತ್ತದೆ. ಎಲೆ ಬೇಯಿಸಿದ ಊಟ ಬೇರಿಗೆ ಇಳಿಯುವುದು ಒಳತೊಗಟೆಯಿಂದ. ಅದನ್ನು ಸುತ್ತಲೂ ಕಿತ್ತರೆ ಕೆಳಗೆ ಬೇರು ಉಪವಾಸ ಬೀಳುತ್ತದೆ, ಮೇಲಿರುವ ಎಲೆಗೆ ಸುದ್ದಿ ಮುಟ್ಟುವುದು ತಡವಾಗಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ ಲೆಕ್ಕವಿಲ್ಲ.

ಸರ್ಕಾರಿ ಬಸ್ಸು, ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಬಾಳ್ಳುಪೇಟೆ ದಾಟುವಾಗ ಸಣ್ಣಗೆ ಹನಿಯಿತು, ಸಕಲೇಶಪುರದಲ್ಲಿ ಬಿಸಿಲು. ಅಲ್ಲಿಂದ ಮುಂದಿನ ಜೀಪಿಗೆ ಇನ್ನೂ ಹೊತ್ತಿದ್ದುದರಿಂದ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಎಂಬತ್ತು ರೂಪಾಯಿ ಕೊಟ್ಟು ಊಟ ಮಾಡಿದೆ. ಬಾಳೆ ಎಲೆಯ ಮೇಲೆ ಮೂಲಂಗಿ ಹುಳಿ, ಆಲೂಗಡ್ಡೆ ಪಲ್ಯ. ಮೂಲಂಗಿ ಬೇರು, ಆಲೂಗಡ್ಡೆ ನೆಲದೊಳಗೆ ಅಡಗಿದ ಕಾಂಡ, ಕೆಳಗಿರುವುದು ಎಲೆ. ಬೇರೆ ದಿನವಾಗಿದ್ದರೆ ಪಕ್ಕದವರಿಗೂ ಹೇಳಿ ತಲೆ ತಿನ್ನುತ್ತಿದ್ದೆ. ಅಂದು ಅರ್ಧ ಊಟ ಬಿಟ್ಟು ಎದ್ದೆ.

ಹೊಂಗಡಹಳ್ಳದ ಕಡೆಗೆ ಜನ ಸಾಗಿಸುವ ಜೀಪು ಬಶೀರಣ್ಣನದು. ತಲೆಗೆ ಅರವತ್ತು ರೂಪಾಯಿ. ಗಿರಿಜಳ ಮದುವೆಯಾದಾಗಿನಿಂದ ನನ್ನನ್ನು ಬಲ್ಲವನಾದ್ದರಿಂದ ಮುಂದಿನ ಸೀಟು ಕೊಟ್ಟ. ಬಿಸ್ಲೆ ಕಡೆಯ ರಸ್ತೆ ಅಲ್ಲಲ್ಲಿ ಕಿತ್ತುಹೋಗಿತ್ತು. ಮಳೆಗಾಲದಲ್ಲಿ ಕುಸಿದ ಒಂದು ದಿಬ್ಬದಲ್ಲಿ ಮಣ್ಣೆಲ್ಲ ಜಾರಿಹೋಗಿ ಅತ್ತಿಮರದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು, ಮರ ಮಾತ್ರ ಹಿಂದಿನ ಬಂಡೆ ಹಿಡಿದು ನಿಂತಿತ್ತು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಅಂಟಿಕೊಂಡಿತ್ತು. ನನ್ನ ಕಣ್ಣು ಕಂಡ ಕಂಡ ಕಾಂಡಗಳ ಸುತ್ತಲೂ ಓಡಾಡುತ್ತಿತ್ತು.

ಒಂದು ತಿರುವಿನಲ್ಲಿ ಜೀಪು ನಿಧಾನ ಮಾಡಿ ಬಶೀರಣ್ಣ ಒಂದು ಹಲಸಿನ ಮರ ತೋರಿಸಿದ. ಬುಡದಲ್ಲಿ ದೊಡ್ಡ ಪೊಟರೆ, ಆಳು ನಿಲ್ಲುವಷ್ಟು.

"ಒಳಗೆ ಏನೂ ಇಲ್ಲ ಮೇಡಂ, ಬರೀ ಟೊಳ್ಳು. ಆದ್ರೂ ವರ್ಷ ವರ್ಷ ಕಾಯಿ ಬುಡ್ತೈತೆ. ಅದೆಂಗೆ?"

ನಡುವಿನ ತಿರುಳು ಮುಪ್ಪಾದ ಮರ, ಕಂಬದ ಹಾಗೆ ನಿಲ್ಲಿಸುವುದಷ್ಟೇ ಅದರ ಕೆಲಸ ಎಂದೆ. ನೀರು ಸಾಗಿಸುವುದು ಹೊರಗಿನ ಎಳೆಯ ಮರ, ಊಟ ಸಾಗಿಸುವುದು ಅದರ ಮೇಲಿನ ಒಳತೊಗಟೆ, ಇವೆರಡರ ನಡುವೆ ಕಾಗದದಷ್ಟು ತೆಳ್ಳನೆಯ ಪದರವೊಂದಿದೆ, ಒಳಗೆ ಮರ ಹೊರಗೆ ತೊಗಟೆ ಎರಡನ್ನೂ ಹೊಸದಾಗಿ ಕಟ್ಟುವುದು ಅದೇ, ಒಟ್ಟಿನಲ್ಲಿ ಮರದ ಜೀವವೆಲ್ಲ ಅಂಚಿನಲ್ಲೇ ಎಂದು ವಿವರಿಸಿದೆ. ಗಿರಿಜಳ ಕತ್ತಿ ಹೋದದ್ದು ಆ ಅಂಚಿಗೇ. ಬಶೀರಣ್ಣ ತಲೆದೂಗಿ, ನಿಮ್ಮ ಹತ್ರ ಓದೋ ಮಕ್ಕಳು ಪುಣ್ಯವಂತರು ಎಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮನೆ ಮುಟ್ಟಿದಾಗ ನಾಲ್ಕೂಕಾಲು. ಬ್ಯಾಗಿಟ್ಟು ತೋಟಕ್ಕೆ ಹೊರಟರೆ ಗಿರಿಜ ಬಿಡಲಿಲ್ಲ. ಎರಡು ಆನೆ ಕೆಳಗಿನ ಹಳ್ಳದ ಹತ್ತಿರ ಇವೆ ಎಂದು ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಬಂದಿತ್ತಂತೆ, ನಾಳೆ ನೋಡಿದರಾಯಿತು ಎಂದಳು. ಅಕ್ಕಿರೊಟ್ಟಿ, ಕೆಸುವಿನೆಲೆಯ ಪತ್ರೊಡೆ ಮಾಡಿದ್ದಳು. ನನಗೆ ಮೇಲೆ ಮೇಲೆ ಬಡಿಸಿ ತಾನು ಒಂದೇ ರೊಟ್ಟಿಗೆ ಕೈ ತೊಳೆದಳು. ಲೋಕೇಶ ಎಸ್ಟೇಟಿನಿಂದ ಬಂದವನು ಮಳೆ, ರಸ್ತೆ, ನನ್ನ ಮಂಡಿನೋವು ಎಲ್ಲ ವಿಚಾರಿಸಿದ, ಗಿಡದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇವರಿಬ್ಬರೂ ನನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಇಷ್ಟು ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡೇ ಮಲಗಿದೆ.

ಭಾನುವಾರ ಬೆಳಿಗ್ಗೆ ಆನೆಗಳು ಆಚೆ ದಿಣ್ಣೆಗೆ ದಾಟಿದವು ಎಂದು ಖಚಿತವಾದ ಮೇಲೆ ಮೂವರೂ ಇಳಿದೆವು. ಮಂಜು ಇನ್ನೂ ಸರಿಯುತ್ತಿತ್ತು. ಹನ್ನೆರಡು ವರ್ಷದ ಅರೇಬಿಕಾ ಗಿಡಗಳು. ಗಿರಿಜ ಮದುವೆಯಾಗಿ ಬಂದ ವರ್ಷ ತಾನೇ ಬುಟ್ಟಿಯಲ್ಲಿ ಸಸಿ ಹೊತ್ತು ನೆಟ್ಟದ್ದು. ಪ್ರತಿ ಗಿಡದ ಮೊಣಕಾಲೆತ್ತರದಲ್ಲಿ ಒಂದು ಗೇಣು ಅಗಲಕ್ಕೆ ತೊಗಟೆ ಇರಲಿಲ್ಲ. ಗಾಯದ ಮೇಲಂಚು ಸ್ವಲ್ಪ ಉಬ್ಬಿತ್ತು. ಮೇಲಿಂದ ಇಳಿದ ಊಟ ದಾರಿ ಕಾಣದೆ ಅಲ್ಲೇ ನಿಂತ ಗುರುತು ಅದು. ನಾನು ಮೊದಲ ಗಿಡದ ಬುಡದಲ್ಲೇ ಕೂತುಬಿಟ್ಟೆ.

ಕೂತವಳು ತರಗೆಲೆ ಸರಿಸಿ ಮಣ್ಣು ಕೆದಕಿದೆ. ನೀರು ಹೀರುವ ನವಿರು ಬೇರುಗಳ ತುದಿ ಬೆಳ್ಳಗಿತ್ತು. ಒಳ್ಳೆಯ ಲಕ್ಷಣ, ಆದರೆ ಬೇರಿನಲ್ಲಿ ಕೂಡಿಟ್ಟ ಊಟವೂ ಇರುತ್ತದಲ್ಲ, ಅದರಲ್ಲೂ ಕೆಲವು ದಿನ ನಡೆಯುತ್ತದೆ. ಕೊನೆಗೆ ಧೈರ್ಯ ಮಾಡಿ ಗಾಯಕ್ಕೆ ಕೈ ಹಾಕಿದೆ. ದೂರದಿಂದ ಒಣಗಿದ ಹಾಗೆ ಕಂಡ ಜಾಗ ಬೆರಳಿಗೆ ಒಣ ಮರದ ಹಾಗಿರಲಿಲ್ಲ. ತೆಳ್ಳನೆಯ ಕಂದು ಸಿಪ್ಪೆ ಕಟ್ಟಿತ್ತು. ಉಗುರಿನಿಂದ ಒಂದು ಎಳ್ಳಿನಷ್ಟು ಗೀರಿದೆ. ಅಡಿಯಲ್ಲಿ ಹಸಿರು. ಒದ್ದೆ ಹಸಿರು.

ಭೂತಗನ್ನಡಿ ಮನೆಯಲ್ಲಿ ಬ್ಯಾಗಿನಲ್ಲೇ ಇತ್ತು, ಅದು ಬೇಕಾಗಲೇ ಇಲ್ಲ. ಮುಂದಿನ ಗಿಡ ಗೀರಿದೆ, ಹಸಿರು. ಅದರ ಮುಂದಿನದೂ ಹಸಿರು. ನಾನು ಓಡುತ್ತಿದ್ದೆನೋ ಏನೋ, ಮಂಡಿನೋವು ಅಂದವರು ಇವರೇನಾ ಎಂದು ಲೋಕೇಶ ಹಿಂದಿನಿಂದ ನಕ್ಕ. ಏಳು ಸಾಲು ಮುಗಿಸಿದಾಗ ಹೋದ ಜೀವ ಬಂದಂತಾಯಿತು. ಮರಕ್ಕೂ ತೊಗಟೆಗೂ ನಡುವಿನ ಆ ಪದರ ಪೂರ್ತಿ ಹೋಗಿರಲಿಲ್ಲ. ಕತ್ತಿ ಆಡಿಸಿದ ವಾರ ಮಳೆ ಹಿಡಿದಿತ್ತು, ಮೇಲೆ ಮರಗಳ ನೆರಳು, ಗಾಯ ಒಣಗದೆ ಪದರ ಬದುಕಿ ಹೊಸ ತೊಗಟೆ ಕಟ್ಟತೊಡಗಿತ್ತು. ಹೀಗೂ ಆಗುತ್ತದೆ ಎಂದು ಎಲ್ಲೋ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅಳು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಎಂಟನೇ ಸಾಲು ಮಾತ್ರ ಹಾಗಿರಲಿಲ್ಲ. ಅದನ್ನು ಕೆರೆಯುವಷ್ಟೊತ್ತಿಗೆ ಬಿಸಿಲು ಬಿದ್ದಿತ್ತಂತೆ, ಚೊಕ್ಕಟವಾಗಿರಲಿ ಎಂದು ಗಿರಿಜ ಕೆರೆದ ಜಾಗವನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿಯೂ ಇದ್ದಳು. ಅಲ್ಲಿ ಆ ಪದರವೂ ಹೋಗಿ ಮರ ಬಿಳಿಚಿ ಬಿರುಕು ಬಿಟ್ಟಿತ್ತು. ಆದರೆ ಗಾಯದ ಕೆಳಗೆ, ಪ್ರತಿ ಬುಡದಲ್ಲೂ ಒಂದೊಂದು ಕಂಬಚಿಗುರು ನೆಟ್ಟಗೆ ಎದ್ದಿತ್ತು. ಆ ಚಿಗುರಿನ ಎಲೆಗಳೇ ಬೇರಿಗೆ ಊಟ ಹಾಕುತ್ತವೆ, ಅದು ಬಲಿತ ಮೇಲೆ ಹಳೆಯ ಕಾಂಡ ಕಡಿದು ಚಿಗುರನ್ನೇ ಗಿಡ ಮಾಡಿಕೊಳ್ಳಿ ಎಂದೆ. ಎರಡು ಮೂರು ಫಸಲು ತಪ್ಪುತ್ತದೆ, ಗಿಡ ತಪ್ಪುವುದಿಲ್ಲ. ಲೋಕೇಶ ಆಗಲೇ ಚಿಗುರುಗಳಿಗೆ ಊರುಗೋಲು ನೆಡುವ ಲೆಕ್ಕಾಚಾರಕ್ಕಿಳಿದ.

ಹಗುರಾದ ಮೇಲೆ ಅವನಿಗೆ ತಮಾಷೆ ಹೊಳೆಯಿತು.

"ಯಾವ್ ದೇವ್ರು ಕನಸಲ್ಲಿ ಬಂದು ಇವ್ಳಿಗೆ ಕತ್ತಿ ಕೊಟ್ನೋ ಗೊತ್ತಿಲ್ಲ ಅಕ್ಕ. ಮೂರು ವಾರದಿಂದ ಕೇಳ್ತಾ ಇವ್ನಿ, ನನ್ ತಲೆಗೇ ಹೊಳೀತು ಅಂತಾಳೆ."

ನಾನು ಗಿರಿಜಳನ್ನು ನೋಡಿದೆ. ಅವಳು ಒಂದು ಎಲೆಯ ಮೇಲಿನ ನೀರನ್ನು ಬೆರಳಿನಿಂದ ಜಾರಿಸುತ್ತಿದ್ದಳು. ಮೂರು ವಾರ ಗಂಡನ ಮುಂದೆ, ಊರಿನವರ ಮುಂದೆ, ಬುದ್ಧಿಗೇಡಿ ಎನಿಸಿಕೊಂಡು ನನ್ನ ಹೆಸರು ಒಮ್ಮೆಯೂ ಎತ್ತಿರಲಿಲ್ಲ. ಹಸಿರು ಕಾಣದಿದ್ದರೆ ಮುಂದಿನ ಮಾತನ್ನು ನಾನು ಆಡುತ್ತಿದ್ದೆನೇ? ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ.

"ದೇವರಲ್ಲ ಲೋಕೇಶ, ನಾನು. ಹಬ್ಬಕ್ಕೆ ಬಂದಾಗ ಕೆರೆದು ಹಾಕು ಅಂತ ನಾನೇ ಹೇಳಿದ್ದು" ಎಂದೆ.

ಅವನು, ಪುಸ್ತಕದ ಬದನೆಕಾಯಿ ಕೇಳಿದ್ದೆ, ಪುಸ್ತಕದ ಕಾಫಿ ಗಿಡ ಇವತ್ತು ನೋಡಿದೆ ಎಂದು ನಕ್ಕು, ಊರುಗೋಲು ಕಡಿಯಲು ಹೋದ. ಸಿಟ್ಟಾದವಳು ಗಿರಿಜ.

"ಹೇಳೋಕೆ ಯಾಕೋದೆ ನೀನು? ನನ್ ಮಾತಿಗೆ ಇಲ್ಲಿ ಮೊದ್ಲೇ ಬೆಲೆ ಇಲ್ಲ, ಹೋದ್ರೆ ಹೋಯ್ತು. ನಿನ್ ಮಾತು ಹಂಗಲ್ಲ ಕಣಕ್ಕ. ನಮ್ಮನೇಲಿ ಓದ್ದೋಳು ಅಂತ ಇರೋದು ನೀನೊಬ್ಳೇ."

ಅವಳ ಕೈ ಹಿಡಿದುಕೊಂಡೆ, ಅವಳು ಕೊಸರಿಕೊಂಡಳು, ಆಮೇಲೆ ಬಿಟ್ಟುಕೊಟ್ಟಳು.

ಕತ್ತಿ ಮುಟ್ಟದ ಹತ್ತಾರು ಸಾಲು ಇನ್ನೂ ಉಳಿದಿದ್ದವು. ಈ ಮೂರು ವಾರ ಹೆದರಿ ಅವಳು ಯಾವ ಕಾಂಡವನ್ನೂ ಮುಟ್ಟಿರಲಿಲ್ಲವಂತೆ, ಹುಳ ಹಾರುವ ಕಾಲ ಆಗಲೇ ಬಂದಿತ್ತು. ರಸ್ತೆ ಬದಿಯ ಸಾಲಿಗೆ ಹೋಗಿ ಗೋಣಿತಾಟು ಕೈಗೆ ಸುತ್ತಿಕೊಂಡು ನಾನೇ ಉಜ್ಜತೊಡಗಿದೆ. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದ ಕಾಂಡವನ್ನು ಹೀಗೆ ಎರಡು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಸಡಿಲವಾದ ಕಂದು ಚಕ್ಕೆಗಳು ಉದುರಿದವು, ಬಿರುಕು ಹೋಗಿ ಕಾಂಡ ನುಣುಪಾಯಿತು. ಉತ್ಸಾಹದಲ್ಲಿ ಇನ್ನೂ ಒತ್ತಿದೆ.

"ಸಾಕು" ಎಂದು ಗಿರಿಜ ನನ್ನ ಮಣಿಕಟ್ಟು ಹಿಡಿದಳು. "ಇಷ್ಟೇ. ಇಲ್ಲಿಗೆ ನಿಲ್ಲುಸ್ಬೇಕು."

ಗೋಣಿತಾಟನ್ನು ನನ್ನ ಕೈಯಿಂದ ಬಿಚ್ಚಿ ತಾನು ಸುತ್ತಿಕೊಂಡಳು. ಮಧ್ಯಾಹ್ನ ಕೋಳಿಸಾರನ್ನು ಅವಳೂ ನನಗೆ ಸರಿಸಮನಾಗಿ ಉಂಡಳು, ಮೂರು ಕಡುಬು ಹೆಚ್ಚಾಗಿಯೇ. ಮೂರು ಗಂಟೆಗೆ ಬಶೀರಣ್ಣನ ಜೀಪು ಬಂತು. ಬೀಳ್ಕೊಡಲು ರಸ್ತೆಗೆ ಬಂದ ಗಿರಿಜ ಬಾಳೆಗೊನೆಯ ಎರಡು ಚಿಪ್ಪು, ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು, ಮಂಡಿಗೆ ಎಣ್ಣೆ ಹಚ್ಚು ಎಂದಳು. ಜೀಪು ಹೊರಟು ತಿರುವು ಮುಟ್ಟಿದಾಗ ಕೈ ಬೀಸೋಣವೆಂದು ತಿರುಗಿ ನೋಡಿದೆ. ಅವಳು ರಸ್ತೆಯಲ್ಲಿರಲಿಲ್ಲ. ಬೇಲಿಯಾಚೆ ಎರಡನೇ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ನನಗೆ ಬೆನ್ನು ಹಾಕಿ, ಆಗಲೇ ಉಜ್ಜುತ್ತಿದ್ದಳು.