ದೇವರ ಜಗಲಿಯ ಕುಕ್ರಿ

...ಅಥವಾ ಆ ಮಾತು ನಾನು ಹೇಳಲೇ ಇಲ್ಲವೇನೋ. ತಲೆ ಅಲ್ಲಾಡಿಸಿದ್ದೆ ಅಷ್ಟೇ, ಉಳಿದದ್ದನ್ನು ಮುದುಕನೇ ತುಂಬಿಕೊಂಡ. ಇನ್ನೊಂದು ಸಲ ನೆನೆದರೆ ನನ್ನ ದನಿಯೇ ಕೇಳುತ್ತದೆ, "ಇದು ನಕಲಿ ಐತ್ರಿ" ಎಂದು, ಅದೂ ತುಸು ಖುಷಿಯಲ್ಲಿ. ನಕಲಿ ಹಿಡಿಯುವವನಿಗೆ ಆ ಖುಷಿ ಇದ್ದೇ ಇರುತ್ತದೆ. ನಡೆದದ್ದು ಯಾವುದು, ಆಮೇಲೆ ನಾನು ಕಟ್ಟಿದ್ದು ಯಾವುದು, ಬಿಡಿಸಲು ಹೋದರೆ ಎರಡೂ ಕೆಡುತ್ತವೆ.

ಚಿಕ್ಕೋಡಿಯಲ್ಲಿರುವ ನನಗೆ ಹಳೆಯ ಪಲ್ಟನ್ ಚಾಕು, ಗೂರ್ಖಾಗಳ ಬಾಗಿದ ಕುಕ್ರಿ ಕೂಡಿಸುವ ಚಟ. ಅದನ್ನು ಕೇಳಿ ಅಂಕಲಿ ಕಡೆಯ ಕುರಿ ಸಾಕುವ ಮುದುಕನೊಬ್ಬ ನನ್ನನ್ನು ತನ್ನ ಮನೆಗೆ ಕರೆಸಿದ್ದ. ಅವನಪ್ಪ ಬ್ರಿಟಿಷರ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದು ಯುದ್ಧದಿಂದ ತಂದ ಕುಕ್ರಿ ದೇವರ ಜಗಲಿಯ ಮೇಲಿರುತ್ತಿತ್ತು. ಪ್ರತಿ ಖಂಡೇನವಮಿಗೆ ಅದಕ್ಕೆ ದೇವರ ಅರಿಶಿನ, ಅಂದರೆ ಭಂಡಾರ, ಹಚ್ಚಿ ಆಯುಧಪೂಜೆ. ಮಗ ಅದನ್ನು ಕೊಲ್ಹಾಪುರದಲ್ಲಿ ಮಾರಿ ಅಂಥದ್ದೇ ಇನ್ನೊಂದನ್ನು ತಂದಿಟ್ಟಿದ್ದಾನೆ ಎಂಬುದು ಮುದುಕನ ಗುಮಾನಿ.

ಮಗ ಕಟ್ಟೆಯ ಮೇಲೆ ಕೂತಿದ್ದ. ಅವನ ತಲೆಯಲ್ಲೂ ನರೆ ಬಂದಿತ್ತು.

"ಮೊದಲ ಹಿಡದ್ರ ನಮ್ಮಪ್ಪನ ಕೈ ಹಿಡದಂಗ ಆಗತಿತ್ರಿ ಸಾಹೇಬ್ರ," ಎಂದ ಮುದುಕ. "ಈಗ ಕಬ್ಬ ಕಡಿಯೂ ಕೊಯ್ತಾ ಹಿಡದಂಗ ಆಗಾಕತ್ತೈತಿ."

"ನಿನ್ನ ಕೈಗಿ ವಯಸ್ಸಾಗೇತಿ ಯಪ್ಪಾ," ಎಂದ ಮಗ.

"ನಿನ್ನ ಕೈಗಿ ಹೊಸಾ ಫೋನ್ ಬಂದೈತಲ್ಲಲೇ. ಅದು ಎಲ್ಲಿಂದು?"

ಪಲ್ಟನ್ನಿನ ಕುಕ್ರಿಗೆ ಹಿಡಿಕೆಯ ಹತ್ತಿರ ಮುದ್ರೆ ಇರುತ್ತದೆ. ಬಡಿದು ಒತ್ತಿದ ಮುದ್ರೆಯಾದ್ದರಿಂದ ಅಕ್ಷರದ ಅಂಚಿಗೆ ಉಕ್ಕು ಉಬ್ಬಿ ಉಗುರಿಗೆ ಸಿಗುತ್ತದೆ. ನಕಲಿ ಮಾಡುವವರು ಅಕ್ಷರ ಕೊರೆಯುತ್ತಾರೆ, ಅಲ್ಲಿ ಉಗುರು ಜಾರುತ್ತದೆ. ನನ್ನ ಉಗುರು ಜಾರಿತು. ಒರೆಗೆ ಹಾಕಿ ಅಲ್ಲಾಡಿಸಿದೆ. ಒರೆ ನಿಜಕ್ಕೂ ಹಳೆಯದು, ಆದರೆ ಅದರೊಳಗೆ ಅಲಗು ಲೊಡಲೊಡ ಅಂದಿತು. ಇದಕ್ಕಿಂತ ದಪ್ಪನೆಯ ಅಲಗಿಗೆ ಹೊಲಿದ ಒರೆ.

ಆಗ ನಾನು ಹೇಳಿದೆ, ಇಲ್ಲವೆ ತಲೆ ಅಲ್ಲಾಡಿಸಿದೆ.

ಮುದುಕ ಜಗಲಿಯಿಂದ ಭಂಡಾರದ ಬಟ್ಟಲು ತಂದು ಮಗನ ಮುಂದೆ ಹಿಡಿದ. "ಮುಟ್ಟಿ ಆಣಿ ಮಾಡ."

ಮಗ ಅರಿಶಿನಪುಡಿಯಲ್ಲಿ ಬೆರಳದ್ದಿ ಹಣೆಗೆ ಹಚ್ಚಿಕೊಂಡ. "ನಾ ಮಾರಿಲ್ಲ."

ಮುದುಕ ನಕ್ಕ. ಆ ನಗುವಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

"ಭಂಡಾರಕ್ಕೂ ಹೇಸಲಿಲ್ಲ ನೋಡ್ರಿ." ಆಮೇಲೆ ಒಳಗೆ ಮುಖಮಾಡಿ ಸೊಸೆಯನ್ನು ಕರೆದ. "ಬಾರವಾ, ನಿನ್ನ ಗಂಡನ ಹಣಿ ನೋಡ ಬಾ. ಕಳ್ಳಗ ಭಂಡಾರ ಎಷ್ಟ ಚಂದ ಒಪ್ಪತೈತಿ."

ಆಣೆ ಮಾಡದಿದ್ದರೂ ಅವನು ಕಳ್ಳನೇ ಆಗುತ್ತಿದ್ದ.

ಸೊಸೆ ಬಾಗಿಲಲ್ಲಿ ನಿಂತು ಗಂಡನನ್ನು ನೋಡಲಿಲ್ಲ. "ಮಾವಾರ, ನವಮಿ ಬಂತಂದ್ರ ಕುಡಗೋಲ ಜೋಡಿ ಇದನೂ ಸಾಣಿಯವನ ಕಡೆ ಕೊಡತೀರಿ. ಗಾಡಿಗಿ ಮಶೀನ್ ಕಟಗೊಂಡ ಬರತಾನಲ್ರಿ, ಅವನ ಕಡೆ. ತಿಕ್ಕಿ ತಿಕ್ಕಿ ಅದು ಉಳದದ್ದ ದೊಡ್ಡದು."

"ದೇವರಿಗಿ ಜಂಗ್ ಹಿಡದದ್ದ ಇಡಬೇಕನ?" ಎಂದ ಮುದುಕ.

ಹಳೆಯ ಅಲಗಿಗೆ ಯಾವ ಸಂಗ್ರಾಹಕನೂ ಸಾಣೆ ತಾಗಿಸುವುದಿಲ್ಲ. ಪೂಜೆ ಮಾಡುವವರಿಗೆ ಅದು ಹೊಳೆಯಲೇಬೇಕು. ಸಾಣೆಯ ಚಕ್ರ ಮುದ್ರೆಯ ಉಬ್ಬನ್ನು ತಿನ್ನುತ್ತದೆ, ಅಲಗನ್ನು ತೆಳ್ಳಗೆ ಮಾಡುತ್ತದೆ, ಒರೆ ಸಡಿಲಾಗುತ್ತದೆ. ನಾನು ಹಿಡಿದ ಎರಡು ಗುರುತಿಗೂ ಇದೇ ಸಾಕಿತ್ತು.

"ಹಂಗಾದ್ರ ಈಗ ಹೇಳಾಕ ಬರೂದಿಲ್ರಿ," ಎಂದೆ. "ಹಿಡಕಿ ಬಿಚ್ಚಬೇಕು. ಅದರ ಒಳಗಿನ ಉಕ್ಕಿಗೆ ಸಾಣಿ ತಾಗಿರೂದಿಲ್ಲ."

"ಬಿಚ್ಚೂದೇನೂ ಬ್ಯಾಡ್ರಿ." ಮುದುಕ ಕುಕ್ರಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. "ಚಾ ಕುಡದ ಹೋಗ್ರಿ."

ಅಸಲಿ ಎಂದು ತಿಳಿದುಬಿಟ್ಟರೆ ಮಗನ ಮುಂದೆ ಏನೆನ್ನಬೇಕು ಎಂಬ ಹೆದರಿಕೆ ಅವನಿಗಿತ್ತೆಂದು ನನಗೆ ಅನಿಸುತ್ತದೆ. ಅನಿಸುವುದು ಸುಲಭ. ನಾನು ಚಾ ಕುಡಿದು ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಫೋನ್ ಮಾಡಿದ. ಅಪ್ಪ ಹೊರಗೆ ಹಾಕಿದ್ದರಿಂದ ಗಂಡ ಹೆಂಡತಿ ಬೋರಗಾಂವದಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದರು.

"ನೀವ ಒಂದ ಸಲ ಬಂದ ಅಸಲಿ ಅಂತ ಹೇಳ್ರಿ. ನಿಮ್ಮ ಮಾತ ನಂಬತಾನ."

"ಕುಕ್ರಿ ತರಸು, ಹಿಡಕಿ ಬಿಚ್ಚಿ ನೋಡೂಣು."

"ಎಲ್ಲಿಂದ ತರಸ್ಲಿ? ಅಪ್ಪ ಅದನ್ನ ಪೂಲಿನ ಮ್ಯಾಲಿಂದ ಕೃಷ್ಣಾ ಹೊಳಿಗಿ ಒಗದ ಬಂದಾನ."

ಹಿಂದೆ ಮಗ್ಗಗಳ ಸದ್ದು. ಏನಾದರೂ ಹೇಳಬೇಕಿತ್ತು. ನಾನು ಕೇಳಿದ್ದು ಇದನ್ನು: "ಖರೇ ಹೇಳಪಾ, ಮಾರಿದ್ಯೇನು?"

ಅವನು ಫೋನ್ ಇಟ್ಟ.

ಆ ಕುಕ್ರಿ ಅಸಲಿಯೋ ನಕಲಿಯೋ, ಅವನು ಮಾರಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.