ಬಲಕ್ಕೆ ಬಿದ್ದ ಹೂವು

"ದೇವರ ಮೇಲೆ ಭಾರ ಹಾಕು" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೇವರನ್ನು ನಂಬದವಳು ಎಂದುಕೊಳ್ಳಬೇಡಿ. ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ನಾನು ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಸಿಟ್ಟು ಆ ಮಾತು ಹೇಳುವವರ ಮೇಲೆ. ಹೇಳುತ್ತಾರೆ, ಕೊಟ್ಟ ಚಹಾ ಕುಡಿಯುತ್ತಾರೆ, ಸೆರಗು ಕೊಡವಿಕೊಂಡು ಎದ್ದು ಹೋಗುತ್ತಾರೆ. ಹೊತ್ತವಳು ಹೊತ್ತುಕೊಂಡೇ ಇರುತ್ತಾಳೆ. ನಾನು ಹೊತ್ತದ್ದು ಒಂದೂವರೆ ವರ್ಷದ ಮಗಳನ್ನು, ಕರೆದರೆ ತಿರುಗಿ ನೋಡದ ಮಗಳನ್ನು.

ನಾವಿರುವುದು ಕಲಬುರಗಿಯಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗಂಡನದು ಕಪನೂರದಲ್ಲಿ ಒಂದು ಸಣ್ಣ ಲೇಥ್ ವರ್ಕ್‌ಶಾಪು. ಮಾವ ಕಮಲಾಪುರದಲ್ಲಿ ಮೈದುನನ ಸಂಸಾರದ ಜೊತೆ ಇದ್ದಾರೆ. ತೋಟದಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ, ಊರ ಮಠಕ್ಕೆ ಹಿರಿಯ ಭಕ್ತರು. ನಾವು ಎಲ್ಲೇ ಇದ್ದರೂ ನಮ್ಮ ಮನೆಯ ದೊಡ್ಡ ಮಾತುಗಳು ತೀರ್ಮಾನವಾಗುವುದು ಬಸ್ಸಿಗೆ ಒಂದು ತಾಸು ದೂರವಿರುವ ಆ ಊರಿನಲ್ಲೇ.

ಮಗಳ ಕಿವಿಯ ಬಗ್ಗೆ ಮೊದಲು ಅನುಮಾನ ಬಂದದ್ದು ನನಗೆ. ಕುಕ್ಕರ್ ಸೀಟಿ ಹೊಡೆದರೆ ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿ ಓಡುತ್ತಿತ್ತು. ನನ್ನ ಮಗಳು ಅದೇ ಅಡಿಗೆಮನೆಯಲ್ಲಿ ಕೂತು ನೆಮ್ಮದಿಯಾಗಿ ಚಮಚ ನೆಕ್ಕುತ್ತಿದ್ದಳು. ಗಂಡನಿಗೆ ಹೇಳಿದೆ. ಅವರು ಅಪ್ಪನಿಗೆ ಫೋನು ಮಾಡಿದರು. ಮಾವ ನಕ್ಕುಬಿಟ್ಟರು.

"ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ. ಮೂರು ವರ್ಷದ ತನಕ ಮೂಕನಂಗ ಕುಂತಿದ್ದ. ಈಗ ನೋಡು, ಸುಮ್ಮಕಿರು ಅಂದ್ರೂ ಇರಂಗಿಲ್ಲ."

ಅದು ಸುಳ್ಳು. ನನ್ನ ಗಂಡ ಈಗಲೂ ಸುಮ್ಮನಿರುವ ಮನುಷ್ಯ, ಅದರಲ್ಲೂ ಅಪ್ಪನ ಎದುರಿಗೆ. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ.

ಕೊನೆಗೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನಿದ್ದೆಯ ಔಷಧ ಕುಡಿಸಿ, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ ಎಂದು ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು. ಮೊದಲು ಕಿವಿಗೆ ಮಷಿನ್ ಹಾಕಿ ನೋಡೋಣ, ಅದರಿಂದ ಆಗದಿದ್ದರೆ ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಬೇಕು ಎಂದರು.

"ತಡಾ ಮಾಡಬ್ಯಾಡ್ರಿ. ಮಾತು ಕಲಿಯೋ ವಯಸ್ಸು ಯಾರ ಸಲುವಾಗೂ ಕಾಯಂಗಿಲ್ಲ. ಅದು ದಾಟಿ ಹೋದ್ರ ಆಮ್ಯಾಲ ಸಪ್ಪಳ ಕೇಳಿಸಿದ್ರೂ ಮಾತು ಬರೂದು ಕಷ್ಟ."

ಮಷಿನ್ ಹಾಕಿ ಕೆಲವು ತಿಂಗಳು ನೋಡಿದೆವು. ತಟ್ಟೆ ಬಡಿದರೆ ಒಮ್ಮೊಮ್ಮೆ ಕಣ್ಣು ಮಿಟುಕಿಸುತ್ತಿದ್ದಳು, ಅಷ್ಟೇ. ಆಪರೇಷನ್ನೇ ಆಗಬೇಕು, ಅದಕ್ಕೆ ಹೈದರಾಬಾದಿಗೆ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದರು. ಈ ಸುದ್ದಿ ಕಮಲಾಪುರಕ್ಕೆ ಮುಟ್ಟಿತು.

"ಕೂಸಿನ ತಲಿಗೆ ಕತ್ತಿ ಹಾಕೂದಂದ್ರ ಹುಡುಗಾಟಕಿ ಏನು? ಮೊದಲ ಹೂ ಕೇಳೋಣು," ಎಂದರು ಮಾವ.

ನಮ್ಮಲ್ಲಿ ಹೂ ಕೇಳುವುದೆಂದರೆ ಹೀಗೆ. ಮಠದಲ್ಲಿ ಹಿಂದಿನ ಗುರುಗಳ ಗದ್ದುಗೆ ಇದೆ. ಒದ್ದೆ ಕಲ್ಲಿನ ಎಡಕ್ಕೊಂದು, ಬಲಕ್ಕೊಂದು ಹೂವು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೈಮುಗಿದು ಕೂರಬೇಕು. ಬಲದ ಹೂವು ಮೊದಲು ಬಿದ್ದರೆ ದೇವರು ಹೂಂ ಎಂದ, ಎಡದ್ದು ಬಿದ್ದರೆ ಬೇಡ ಎಂದ. ಏನು ಕೇಳಿದೆವೆಂದು ಆಮೇಲೆ ಬಾಯಿಬಿಟ್ಟು ಹೇಳಬಾರದು, ಫಲ ಹೋಗುತ್ತದೆ. ನೀರು ಆರಿದ ಮೇಲೆ ಹೂವು ಬೀಳದೆ ಮತ್ತೇನು ಮಾಡುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನಗುತ್ತಾರೆ. ನಗಲಿ. ನನ್ನ ಮದುವೆಗೂ ಹೂ ಕೇಳಿದ್ದರು, ನಾನು ಚಕಾರ ಎತ್ತಿರಲಿಲ್ಲ. ನಂಬದವರು ಇಂಥದ್ದನ್ನು ನಕ್ಕು ಮರೆಯುತ್ತಾರೆ. ನಂಬಿದವಳಿಗೆ ಆ ಅನುಕೂಲ ಇಲ್ಲ.

ಶ್ರಾವಣದ ಒಂದು ಸೋಮವಾರ ಹೋದೆವು. ಮಾವ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಗದ್ದುಗೆಯ ಮುಂದೆ ಕೂತರು. ಊರೆಲ್ಲ ಅಜ್ಜಾರು ಎಂದು ಕರೆಯುವ ಮಠದ ಸ್ವಾಮಿಗಳು ಪಕ್ಕದ ಕಂಬಕ್ಕೆ ಒರಗಿ ಕೂತಿದ್ದರು. ನಮ್ಮ ಮನೆಯ ಹೆಂಗಸರು ನಿಲ್ಲುವುದು ಹೊಸ್ತಿಲ ಹೊರಗೆ. ಹಾಗೆ ಯಾರು ಹೇಳಿದ್ದು ಎಂದು ಯಾರಿಗೂ ಗೊತ್ತಿಲ್ಲ, ಆದರೂ ನಿಲ್ಲುತ್ತೇವೆ. ಮಾವನ ತುಟಿ ಅಲ್ಲಾಡಿದ್ದು ಕಂಡಿತು, ಮಾತು ನನ್ನ ತನಕ ಬರಲಿಲ್ಲ. ಮಗಳನ್ನು ಬಗಲಲ್ಲಿ ಹೊತ್ತು ನಾನೂ ಒಳಗೊಳಗೆ ಬೇಡಿಕೊಂಡೆ: ಆಪರೇಷನ್ ಮಾಡಿಸು ಅನ್ನುವುದಾದರೆ ಬಲಕ್ಕೆ ಕೊಡಪ್ಪಾ.

ಬಲದ ಹೂವು ಬಿತ್ತು. ನಾನು ಮಗಳ ಕೆನ್ನೆಗೆ ಕೆನ್ನೆ ಒತ್ತಿ ಅತ್ತುಬಿಟ್ಟೆ.

ಮಾವ ಹೊರಗೆ ಬಂದು ಎಲ್ಲರ ಕೈಗೂ ಸಕ್ಕರೆ ಹಾಕಿದರು. ಆಮೇಲೆ ಹೇಳಿದರು: "ಇನ್ನ ಆಪರೇಷನ್ ಬ್ಯಾಡ. ದೇವರು ಮಾತು ಕೊಟ್ಟಾನ."

"ಬಲಕ್ಕ ಬಿತ್ತಲ್ರಿ, ಮಾವಾರ!"

"ಬಲಕ್ಕ ಬಿತ್ತು ಅಂತೇ ಬ್ಯಾಡ ಅನ್ನಾಕತ್ತೀನಿ. ದೇವರ ಮ್ಯಾಲ ಭಾರ ಹಾಕು."

ಕತ್ತಿ ಬೇಡವೇ ಎಂದು ಅವರು ಕೇಳಿರಬೇಕು, ದೇವರು ಹೂಂ, ಬೇಡ ಎಂದಿರಬೇಕು ಎಂದುಕೊಂಡೆ. ಹಿರಿಯರು ಗದ್ದುಗೆಯ ಮುಂದೆ ಕೂತು ಕೇಳಿದ್ದರ ಎದುರು, ಹೊಸ್ತಿಲ ಹೊರಗಿನವಳ ಬೇಡಿಕೆ ಎಷ್ಟರದ್ದು? ಎದೆಗೆ ಕಲ್ಲು ಬಿದ್ದಂತಾಯಿತು. ಆದರೂ ಒಪ್ಪಿದೆ.

ಒಪ್ಪಿದ ಮೇಲೆ ಹೇಳಿದ್ದನ್ನೆಲ್ಲ ಮಾಡಿದೆ. ಸೋಮವಾರ ನಾಲಿಗೆಗೆ ಜೇನು ಸವರಿದೆ. ಕಿವಿಯ ಹಿಂದೆ ವಿಭೂತಿ ಹಚ್ಚಿದೆ. ಒಪ್ಪೊತ್ತು ಉಂಡೆ. ದೀಪಾವಳಿಗೆ ಕಮಲಾಪುರಕ್ಕೆ ಹೋದಾಗ ಮಾವ ಮಗಳ ಕಿವಿಯ ಮಷಿನ್ನನ್ನೂ ಬಿಚ್ಚಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟರು. "ದೇವರು ಮಾತು ಕೊಟ್ಟ ಮ್ಯಾಲ ಇದ್ಯಾಕ? ಅನುಮಾನ ಪಟ್ಟಂಗ ಆಗ್ತದ. ಮಂದಿನೂ ನೋಡ್ತಾರ." ನನ್ನ ಗಂಡ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದರು.

ಅಷ್ಟರಲ್ಲಿ ಮಗಳಿಗೆ ಎರಡು ದಾಟಿತ್ತು. ತನಗೆ ಬೇಕಾದ್ದು ನನಗೆ ತಿಳಿಯದಿದ್ದಾಗ ನನ್ನ ಗದ್ದ ಹಿಡಿದು ಎಳೆಯುತ್ತಿದ್ದಳು. ಆಗಲೂ ತಿಳಿಯದಿದ್ದರೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹಣೆಯ ಮೇಲೊಂದು ನೀಲಿ ಗಂಟು ಮಾಯುವುದರೊಳಗೆ ಇನ್ನೊಂದು ಏಳುತ್ತಿತ್ತು. ನೋಡಲು ಬಂದವರು ಅದರ ಮೇಲೂ ವಿಭೂತಿ ಹಚ್ಚಿ ಹೋದರು. ಡಾಕ್ಟರಮ್ಮನ ಫೋನು ಬಂದರೆ ಊರಲ್ಲಿಲ್ಲ ಎಂದು ಹೇಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಒಬ್ಬ ಹುಡುಗಿ ದುಂಡು ಅಕ್ಷರದಲ್ಲಿ, ಒಂದು ಹಂತವೂ ತಪ್ಪದೆ, ನಾನು ಕೇಳದೇ ಇದ್ದ ಲೆಕ್ಕ ಮಾಡಿಟ್ಟಿದ್ದಳು. ಉತ್ತರ ಸರಿ, ಪ್ರಶ್ನೆ ಅದಲ್ಲ. ಸೊನ್ನೆ ಹಾಕಲು ಹೋದ ಪೆನ್ನು ನಿಂತಿತು. ಮಾವ ಕೇಳಿದ ಪ್ರಶ್ನೆ ಏನು? ಇಷ್ಟು ತಿಂಗಳು ಒಂದು ಉತ್ತರವನ್ನು ತಲೆಯ ಮೇಲೆ ಹೊತ್ತು ತಿರುಗಿದ್ದೆ, ಪ್ರಶ್ನೆಯನ್ನು ಒಬ್ಬರೂ ನನಗೆ ತೋರಿಸಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದೆ. ಮಹಾಗಾಂವದ ಹತ್ತಿರ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರ್ ಅಡ್ಡ ನಿಂತು ಬಸ್ಸು ಕದಲಲಿಲ್ಲ. ಕಂಡಕ್ಟರನ ಮೇಲೆ ರೇಗಿದೆ. ಅವನದೇನೂ ತಪ್ಪಿರಲಿಲ್ಲ.

ಅಜ್ಜಾರು ಮಠದ ಕಟ್ಟೆಯ ಮೇಲೆ ಪೇಪರು ಓದುತ್ತಾ ಕೂತಿದ್ದರು. ನಮಸ್ಕಾರ ಮಾಡಿ ಎದುರಿಗೇ ಕೂತೆ.

"ಅಜ್ಜಾರ, ಅವತ್ತ ನಮ್ಮ ಮಾವ ಗದ್ದುಗಿಗೆ ಏನಂತ ಕೇಳಿದ್ರು?"

"ಅದನ್ನ ಹೇಳಬಾರದವಾ."

"ನೀವು ಹೇಳೂ ತನಕ ನಾ ಏಳಂಗಿಲ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಏಳುವವಳಲ್ಲ ಎಂದು ತಿಳಿದಿರಬೇಕು. "'ನನ್ನ ಮಮ್ಮಗಳು ಮಾತಾಡ್ತಾಳೋ ಇಲ್ಲೋ' ಅಂತ ಕೇಳಿದ."

"ಆಪರೇಷನ್ ಸುದ್ದಿ?"

"ಅದನ್ನ ಎತ್ತಲೇ ಇಲ್ಲ."

ದೇವರು ಬೇಡ ಎಂದಿರಲೇ ಇಲ್ಲ. ಬೇಡ ಎಂದವರು ಮಾವ, ಅದೂ ದೇವರ ಬಾಯಿಂದ.

"ಮತ್ತ ನೀವು ಅಲ್ಲೇ ಕುಂತಿದ್ರಲ್ರಿ. ಅವರು ಹೊರಗ ಬಂದು ಆಪರೇಷನ್ ಬ್ಯಾಡ ಅಂದಾಗ ನೀವ್ಯಾಕ ಸುಮ್ಮಕಿದ್ರಿ?"

"ನನ್ನ ಯಾರೂ ಕೇಳಲಿಲ್ಲಲ್ಲವಾ."

"ಮನಿಗೆ ಬೆಂಕಿ ಬಿದ್ರ, ಕೇಳಿದ ಮ್ಯಾಲೇ ನೀರು ಹಾಕ್ತೀರೇನ್ರಿ?"

ಆ ಮಠದಲ್ಲಿ ಅಜ್ಜಾರೊಂದಿಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಮಾತಾಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅವರು ಪೇಪರು ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ, "ಈಗ ನೀನೇ ಕೇಳು. ಒಳಗ ಬಾ, ಹೂ ತರಸ್ತೀನಿ," ಎಂದರು.

"ಬ್ಯಾಡ್ರಿ. ಎಡಕ್ಕ ಬಿದ್ರ ನಾ ಒಪ್ಪಾಕಿ ಅಲ್ಲ. ಒಪ್ಪಾಕ ಮನಸ್ಸಿಲ್ದ ಕೇಳಿದ್ರ ದೇವ್ರಿಗೂ ಮೋಸ, ನನಗೂ ಮೋಸ."

"ಕೂಸು ಮಾತಾಡ್ತದ ಅಂತ ಗದ್ದುಗಿ ಹೇಳ್ಯದಲ್ಲ, ಅದನ್ನ ನಂಬ್ತೀಯೋ?"

"ನಂಬ್ತೀನ್ರಿ."

"ಮತ್ತ ಇಲ್ಲ್ಯಾಕ ಕುಂತೀ? ದವಾಖಾನಿಗೆ ನಡಿ."

ನನ್ನ ಬದುಕಿನಲ್ಲಿ ನನಗೆ ಸಿಕ್ಕ ಧರ್ಮೋಪದೇಶ ಅದೊಂದೇ, ಅದನ್ನು ಅಕ್ಷರಶಃ ಪಾಲಿಸಿದೆ. ಕಾಲಿಗೆ ಬಿದ್ದೆ. ಬೀಳುವಾಗಲೂ ಹಲ್ಲು ಕಚ್ಚಿಕೊಂಡಿದ್ದೆ. ಶ್ರಾವಣದಲ್ಲೇ ಹೇಳಲು ಇವರ ಗಂಟೇನು ಹೋಗುತ್ತಿತ್ತು?

ಅಲ್ಲಿಂದ ನೆಟ್ಟಗೆ ಮಾವನ ಮನೆಗೆ ಹೋದೆ. ಮಾವ ಬಾಳೆಗೊನೆ ತೂಗುಹಾಕುತ್ತಿದ್ದರು. ಅಜ್ಜಾರು ಹೇಳಿದ್ದನ್ನು ಹೇಳಿದೆ. ಅವರ ಮುಖ ಕಪ್ಪಾಯಿತು.

"ಆಪರೇಷನ್ ಮಾಡಿಸಿದ್ರ ದೇವರ ಮ್ಯಾಲ ನಂಬಿಗಿ ಇಲ್ಲಂದಂಗ," ಎಂದರು.

"ನಂಬಿಗಿ ಇಲ್ಲದೋರು ನೀವ್ರಿ. ದೇವರು ಮಾತಾಡ್ತಾಳ ಅಂದಾನ. ಆದ್ರ ಡಾಕ್ಟರ್ ಕೈಲಿಂದ ಮಾತು ಬರಬಾರದು ಅಂತ ನೀವೇ ಅವನಿಗೆ ಷರತ್ತು ಹಾಕೀರಿ."

"ಬಾಯಿ ಬಾಳ ಆಗ್ಯದ ನಿಂದು."

"ಹೌದ್ರಿ. ಮಗಳ ಪಾಲಿಂದೂ ನಾನೇ ಮಾತಾಡಬೇಕಲ್ರಿ."

ದೇವರ ಕೋಣೆಯ ಗೂಡಿನಿಂದ ಕಿವಿಯ ಮಷಿನ್ ತೆಗೆದುಕೊಂಡು ಸಂಜೆಯ ಬಸ್ಸಿಗೆ ವಾಪಸಾದೆ. ಹೈದರಾಬಾದಿಗೆ ಹೋಗುತ್ತೇನೆ, ಬರುವುದಾದರೆ ಬನ್ನಿ ಎಂದೆ ಗಂಡನಿಗೆ. ಅವರು ಮೊದಲ ಸಲ ಅಪ್ಪನಿಗೆ ಫೋನು ಮಾಡದೆ ವರ್ಕ್‌ಶಾಪಿಗೆ ಬೀಗ ಹಾಕಿದರು. ಅದಕ್ಕೆ ನಾನು ಅವರಿಗೆ ಋಣಿ. ಇನ್ನೂ ಮೊದಲೇ ಹಾಕಬಹುದಿತ್ತು ಎಂಬುದನ್ನೂ ಮರೆತಿಲ್ಲ.

ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಯಂತ್ರ ಚಾಲೂ ಮಾಡಿದ ದಿನ ಮಗಳು ಹೆದರಿ ನನ್ನ ಸೆರಗಿನೊಳಗೆ ಹೊಕ್ಕು ಅತ್ತಳು, ತನ್ನ ಅಳುವಿನ ಸಪ್ಪಳಕ್ಕೇ ಗಾಬರಿಯಾಗಿ ಗಕ್ಕನೆ ನಿಲ್ಲಿಸಿದಳು. ಡಾಕ್ಟರು ಖುಷಿಪಟ್ಟರು. ಹಿಂದೆಯೇ, "ಜರಾ ತಡಾ ಆಗ್ಯದ, ಮನ್ಯಾಗ ದುಪ್ಪಟ್ಟು ಕಲಿಸಬೇಕಾಗ್ತದ," ಎಂದರು. ಕಲಿಸಿದೆ. ನೀರು, ಹಾಲು, ಬಾ, ಹೋಗು. ಒಂದೊಂದು ಮಾತಿಗೂ ಗಂಟಲು ಹರಿದುಕೊಂಡೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ, ನನ್ನ ಮಗಳಿಗೆ ಆ ಬಾಯಿ ಬೇಕಾಗಿತ್ತು. ಈಗ ಆರರ ಹತ್ತಿರ ಇದ್ದಾಳೆ. ಮಾತಾಡುತ್ತಾಳೆ, ಜಗಳವಾಡುತ್ತಾಳೆ. ಆದರೆ ಮಾತಿನ ಅಂಚು ಸ್ವಲ್ಪ ಮೊಂಡು. ಹೊಸಬರಿಗೆ ಎರಡು ಸಲ ಹೇಳಬೇಕು. ಆ ಮೊಂಡು ಅಂಚಿನಲ್ಲಿ ನಾನು ಜೇನು ಸವರುತ್ತಾ ಕೂತ ತಿಂಗಳುಗಳಿವೆ.

ಮಾವ ಈಗ ಊರೆಲ್ಲ ಡಂಗುರ ಹೊಡೆಯುತ್ತಾರೆ: ಹೂವಿನ ಮಾತು ಸುಳ್ಳಾಗಲಿಲ್ಲ! ನಿಜ, ಸುಳ್ಳಾಗಲಿಲ್ಲ. ದೇವರ ಮೇಲೆ ನನ್ನ ದೂರು ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ನಮ್ಮ ಮನೆಗಳಲ್ಲಿ ಪೂಜಾರಿ ಬೇಕಾಗಿಲ್ಲ, ಹಿರಿಯರೇ ಸಾಕು. ಮಹಾಗಾಂವದ ಒಂದು ಮದುವೆಯಲ್ಲಿ, ಮಾತು ಬಾರದ ಮೊಮ್ಮಗನನ್ನು ಎತ್ತಿಕೊಂಡು ಒಬ್ಬ ಅಜ್ಜಿ ಮಾವನ ಹತ್ತಿರ ಬಂದಳು. ದೇವರ ಮ್ಯಾಲ ಭಾರ ಹಾಕವಾ ಎಂದರು ಇವರು! ನಾನು ಉಣ್ಣುವ ಎಲೆ ಬಿಟ್ಟು ಎದ್ದು ಹೋಗಿ, ಆ ಹುಡುಗನ ತಾಯಿಯನ್ನು ಹುಡುಕಿ, ಡಾಕ್ಟರಮ್ಮನ ನಂಬರು ಕೊಟ್ಟು ಬಂದೆ.

ಈ ಬೇಸಿಗೆಯಲ್ಲಿ ಮಗಳನ್ನು ಯಾವ ಶಾಲೆಗೆ ಹಾಕಬೇಕೆಂಬ ಮಾತು ಬಂತು. ಓಣಿಯ ಮಕ್ಕಳು ಹೋಗುವ ಶಾಲೆಗೋ, ಕಿವಿ ಕೇಳದ ಮಕ್ಕಳ ಶಾಲೆಗೋ. ಕಮಲಾಪುರದ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಮಾವ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು. "ನಾಳಿ ಸೋಮವಾರ ಅದ. ಹೂ ಕೇಳಿ ಬರ್ತೀನಿ."

"ಮೊದಲ ಅಕಿನ್ನ ಕೇಳ್ರಿ," ಎಂದೆ. "ಅಕಿಗೆ ಈಗ ಬಾಯಿ ಅದ."

ಗಂಡ ಚಪ್ಪಲಿ ಹುಡುಕಲು ಏಳಲಿಲ್ಲ. ಮಾವ ಮೊಣಕಾಲು ಹಿಡಿದುಕೊಂಡು ಮೊಮ್ಮಗಳ ಎದುರು ಕೂತರು.

"ಯಾವ ಸಾಲಿಗೆ ಹೋಗ್ತೀಯವಾ?"

ಅವಳು ಅವರ ಮುಖ ನೋಡಿ ಉದ್ದಕ್ಕೆ ಏನೋ ಹೇಳಿದಳು. ನನಗೆ ಪ್ರತಿಯೊಂದು ಮಾತೂ ತಿಳಿಯಿತು. ಮಾವನಿಗೆ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಏನಂದ್ಳು?" ಎಂದರು.

"ಅಕಿನ್ನೇ ಇನ್ನೊಮ್ಮೆ ಕೇಳ್ರಿ," ಎಂದೆ.