ವಿಶ್ರಾಂತಿಗೆಂದು ಬಂದ ಹೆಡ್ ಸಿಸ್ಟರ್

ರೊಜಾಲಿಯಾ ನಲವತ್ತೊಂದು ವರ್ಷ ಸಿಸ್ಟರ್ ಆಗಿ ದುಡಿದವರು. ಅದರಲ್ಲಿ ಕೊನೆಯ ಹತ್ತೊಂಬತ್ತು ವರ್ಷ ಜಿಲ್ಲಾಸ್ಪತ್ರೆಯ ಸರ್ಜರಿ ವಾರ್ಡನ್ನು ಹೆಡ್ ಸಿಸ್ಟರ್ ಆಗಿ ಆಳಿದರು. ಎಂಬತ್ತೊಂದನೆಯ ವಯಸ್ಸಿನಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ ತಾವಾಗಿಯೇ ಕ್ರೊಯೇಷಿಯಾದ ದ್ರಾವಾ ನದಿ ದಂಡೆಯ ವೃದ್ಧಾಶ್ರಮ ಸೇರಿದರು. ಯಾರೂ ಕಳಿಸಿದ್ದಲ್ಲ. ಡ್ಯೂಟಿಗಳ ನಡುವೆ ಮದುವೆಯಾಗಲು ಪುರುಸೊತ್ತೇ ಸಿಕ್ಕಿರಲಿಲ್ಲವಾದ್ದರಿಂದ ಕಳಿಸುವವರೂ ಇರಲಿಲ್ಲ.

"ಇಷ್ಟು ವರ್ಷ ಯಾರೋ ಬೆಲ್ ಒತ್ತಿದ್ರು, ನಾನು ಓಡಿದೆ. ಇನ್ಮೇಲೆ ನಾನು ಒತ್ತುತೀನಿ, ಯಾರಾದ್ರೂ ಓಡಲಿ," ಎಂದು ಪಕ್ಕದ ಮನೆಯವರಿಗೆ ಹೇಳಿ, ಒಂದು ಸೂಟ್‌ಕೇಸು, ಹೊಸ ಚಪ್ಪಲಿ, ವಾಕರ್ ಹಿಡಿದು ಬಂದಿಳಿದರು.

ಮೊದಲ ಬೆಳಿಗ್ಗೆಯೇ ಆಸೆಯಿಂದ ಬೆಲ್ ಒತ್ತಿದರು. ಯಾರೂ ಬರಲಿಲ್ಲ. ಕೂದಲು ಬಾಚಿಕೊಂಡರು. ಹಾಸಿಗೆ ಸರಿಮಾಡಿದರು. ನಲವತ್ತು ನಿಮಿಷ ಕಳೆದ ಮೇಲೆ ಒಬ್ಬ ಹೆಂಗಸು, ಒಂದು ಕೈಯಲ್ಲಿ ಬಿಪಿ ಮೆಷಿನ್, ಇನ್ನೊಂದರಲ್ಲಿ ಯಾರದೋ ಹಲ್ಲಿನ ಸೆಟ್ಟು ಹಿಡಿದು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

"ಏನಾಯ್ತಮ್ಮ? ಉಸಿರು ಕಟ್ಟಿತಾ?"

"ನನಗಲ್ಲ, ನಿನಗೆ ಕಟ್ಟಿದ ಹಾಗಿದೆ. ಕೂತ್ಕೋ."

"ಕೂತರೆ ಏಳಕ್ಕಾಗಲ್ಲ," ಎಂದಳು ಅವಳು. ಹೆಸರು ಸ್ನೆಜಾನಾ, ವಯಸ್ಸು ನಲವತ್ನಾಲ್ಕು. ಆಶ್ರಮದಲ್ಲಿದ್ದ ಆರು ಜನ ಸಿಸ್ಟರ್‌ಗಳಲ್ಲಿ ಮೂವರು ಜರ್ಮನಿಗೆ, ಒಬ್ಬಳು ಐರ್ಲೆಂಡಿಗೆ ಹೋಗಿದ್ದರು. ಐದನೆಯವಳು ಬೆನ್ನು ಹಿಡಿದುಕೊಂಡು ರಜೆಯಲ್ಲಿದ್ದಳು. ಆರನೆಯವಳೇ ಇವಳು. ಎಪ್ಪತ್ತೆರಡು ಮುದುಕರಿಗೆ ಇವಳೊಬ್ಬಳು, ಜೊತೆಗೆ ಮೂವರು ಆಯಾಗಳು. ಸಿಸ್ಟರ್ ಬೇಕಾಗಿದ್ದಾರೆ ಎಂಬ ಜಾಹೀರಾತು ಏಳು ತಿಂಗಳಿಂದ ಗೇಟಿನಲ್ಲಿ ಬಿಸಿಲು ಕಾಯುತ್ತಿತ್ತು. ಬಂದಿದ್ದು ಒಂದೇ ಅರ್ಜಿ, ಅದೂ ಮಾಂಸದಂಗಡಿಯ ಕೆಲಸ ಬಿಟ್ಟ ಒಬ್ಬನದು. ರಕ್ತ ಕಂಡರೆ ಹೆದರಿಕೆಯಿಲ್ಲ ಎಂದು ಬರೆದಿದ್ದನಂತೆ.

ರೊಜಾಲಿಯಾ ಮೂರು ದಿನ ಬಾಯಿ ಮುಚ್ಚಿಕೊಂಡು ನೋಡಿದರು. ಆಕೆಯ ಮಟ್ಟಿಗೆ ಅದೊಂದು ದಾಖಲೆ. ನಾಲ್ಕನೆಯ ದಿನ, ಒಂದೇ ಗಂಟೆಯಲ್ಲಿ ಸ್ನೆಜಾನಾ ಒಂಬತ್ತು ಸಲ ಮೆಟ್ಟಿಲು ಹತ್ತಿ ಇಳಿದದ್ದನ್ನು ಎಣಿಸಿ, ವಾಕರ್ ತಳ್ಳಿಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತರು.

"ಇದೇನೇ ಇದು, ನೊಣದ ಥರ ಅಲ್ಲಿಂದಿಲ್ಲಿಗೆ ಹಾರಾಡ್ತೀಯ? ಮೇಲಿನವರದ್ದೆಲ್ಲ ಮುಗಿಸಿ ಕೆಳಗಡೆ ಬರಬಾರದಾ?"

"ಬೆಲ್ ಹೊಡೀತಾರಲ್ಲಮ್ಮ! ಯಾವುದು ಸಾಯೋ ಬೆಲ್, ಯಾವುದು ಸುಮ್ನೆ ಬೆಲ್ ಅಂತ ಹೋಗದೆ ಹೇಗೆ ಗೊತ್ತಾಗುತ್ತೆ?"

ರೊಜಾಲಿಯಾ ಆ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ಬೆಲ್‌ಗಳು ಬಂದು ಮೊಳಗುವ ಮೇಜು ಬಾಗಿಲ ಬಳಿಯಿತ್ತು, ಅಲ್ಲಿ ಕೂರಲು ಜನವಿರಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಇಸ್ತ್ರಿ ಮಾಡಿದ ಬಿಳಿ ಬ್ಲೌಸ್ ಹಾಕಿಕೊಂಡು ಬಂದು ಅಲ್ಲಿ ಕೂತರು. ಯಾವ ಕೋಣೆಯಿಂದ ಬೆಲ್ ಬಂದರೂ ಮೇಜಿನ ಮೈಕಿನಿಂದ ಆ ಕೋಣೆಯ ಗೋಡೆಯ ಸ್ಪೀಕರಿಗೆ ಒಂದೇ ಪ್ರಶ್ನೆ:

"ಉಸಿರಾ, ಉಚ್ಚೆನಾ, ಊರ ಸುದ್ದಿನಾ?"

ಉಸಿರು ಅಂದರೆ ಸ್ನೆಜಾನಾ ಓಡಬೇಕು. ಉಚ್ಚೆ ಅಂದರೆ ಆಯಾ ಹೋಗಬೇಕು. ಊರ ಸುದ್ದಿಗೆ ಸ್ವತಃ ರೊಜಾಲಿಯಾ ಹೊರಡುತ್ತಿದ್ದರು. ಆಕೆ ವಾಕರ್ ಹಿಡಿದು, ಆಮೆಯಂಥ ಲಿಫ್ಟು ಹತ್ತಿ ಎರಡನೇ ಮಹಡಿ ತಲುಪುವಷ್ಟರಲ್ಲಿ ಕರೆದವರಿಗೆ ಮಾತಾಡುವ ಹುಮ್ಮಸ್ಸೇ ಇಳಿದಿರುತ್ತಿತ್ತು. ಎರಡು ವಾರದಲ್ಲಿ ಬೆಲ್‌ಗಳು ಅರ್ಧಕ್ಕರ್ಧ ಇಳಿದವು.

ಮಾತ್ರೆ, ಸೂಜಿ ಮಾತ್ರ ಮುಟ್ಟಲಿಲ್ಲ. "ಅದು ನಿನ್ನದು. ಆ ಪೆಟ್ಟಿಗೆ ಹತ್ತಿರ ನಾನು ಬಂದರೆ ಕೈ ಮೇಲೆ ಹೊಡಿ," ಎಂದು ಸ್ನೆಜಾನಾಳಿಗೆ ಅಪ್ಪಣೆಯಾಗಿತ್ತು.

ಇಷ್ಟಾದರೆ ಸಾಲದೆಂದು ವೇಳಾಪಟ್ಟಿಗೆ ವಿನ್ಕೊ ಅವರನ್ನು ಹಿಡಿದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ನಾಲ್ಕು ವರ್ಷದಿಂದ ಕಿಟಕಿ ಬಳಿ ಕೂತು, ಕಾಣದ ರೈಲುಗಳನ್ನು ತಡವಾಯಿತೆಂದು ಬೈಯುತ್ತಿದ್ದವರು. ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು, ಮಲಗಿದಲ್ಲೇ ಇರುವವರನ್ನು ಯಾವಾಗ ಮಗ್ಗುಲು ತಿರುಗಿಸಬೇಕು, ಎಲ್ಲಕ್ಕೂ ಗೆರೆ ಹೊಡೆದ ಪಟ್ಟಿ ಸಿದ್ಧವಾಯಿತು. ಭಾನುವಾರದ ಪ್ರಾರ್ಥನೆಗೆಂದು ಹಾಕಿಸಿದ್ದ ಧ್ವನಿವರ್ಧಕದಲ್ಲಿ ಈಗ ದಿನವೂ ಅವರ ಗಂಟಲು ಕೇಳತೊಡಗಿತು.

"ದಯವಿಟ್ಟು ಗಮನಿಸಿ. ಏಳು ನಲವತ್ತಕ್ಕೆ ಮೊದಲನೇ ಮಹಡಿಗೆ ಬರಬೇಕಾದ ಇನ್ಸುಲಿನ್ ಹನ್ನೆರಡು ನಿಮಿಷ ತಡವಾಗಿ ಬರಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ. ಅದಕ್ಕೆ ಮುಂಚೆ ಬ್ರೆಡ್ಡಿಗೆ ಕೈ ಹಾಕಬೇಡಿ."

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಹದಿನೇಳನೇ ಕೋಣೆಯ ಒತೀಲಿಯಾ ಮೂರು ವರ್ಷದಿಂದ ಬೆರಳು ಮಡಚುವುದಿಲ್ಲವೆಂದು ಬೇರೆಯವರಿಂದ ಗುಂಡಿ ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ಅವರು ಇಸ್ಪೀಟು ಕಲೆಸುತ್ತಿದ್ದಾಗ ರೊಜಾಲಿಯಾ ಹಿಂದೆ ಬಂದು ನಿಂತರು.

"ಏನ್ರೀ ಒತೀಲಿಯಾ, ಎಲೆ ಕಲೆಸೋ ಬೆರಳಿಗೆ ಗುಂಡಿ ಮಾತ್ರ ಭಾರಾನಾ?"

"ಎಲೆ ತೆಳ್ಳಗಿರುತ್ತಲ್ಲ," ಎಂದರು ಒತೀಲಿಯಾ. ಮರುದಿನದಿಂದ ಗುಂಡಿ ತಾವೇ ಹಾಕಿಕೊಂಡರು. ರೊಜಾಲಿಯಾ ಜೊತೆ ಮಾತು ಬಿಟ್ಟರು.

ಈ ನಡುವೆ ವಿನ್ಕೊ ಒಂದು ದೂರು ತಂದರು. "ನಿಮ್ಮ ಸಿಸ್ಟರ್ ನನ್ನ ಕಾಲಿಗೆ ಬ್ಯಾಂಡೇಜ್ ಕಟ್ಟೋವಾಗ ಏನೋ ಗೊಣಗ್ತಾಳ್ರೀ. ಶಾಪ ಹಾಕ್ತಿದ್ದಾಳೆ."

ರೊಜಾಲಿಯಾ ಹೋಗಿ ಕಿವಿಗೊಟ್ಟರು. ಶಾಪವಲ್ಲ, ಜರ್ಮನ್. ಸ್ನೆಜಾನಾ ಭಾಷಾ ಪರೀಕ್ಷೆಗೆ ಕದ್ದು ಓದುತ್ತಿದ್ದಳು. ಸಿಕ್ಕಿಬಿದ್ದವಳ ಮುಖ ಕೆಂಪಾಯಿತು.

"ಬೈಯಿರಿ," ಎಂದಳು. "ಎಲ್ಲರನ್ನೂ ಬಿಟ್ಟು ಹೋಗ್ತಿದ್ದೀಯಾ ಅಂತ ಬೈಯಿರಿ. ನನ್ನ ಬೆನ್ನೂ ಹೋಗೋಕೆ ಮುಂಚೆ ನಾನು ಹೋಗ್ಬೇಕು."

ರೊಜಾಲಿಯಾ ವಾಕರ್ ಬದಿಗಿಟ್ಟು ಕುರ್ಚಿಯಲ್ಲಿ ಕೂತರು. ಮೂವತ್ತೈದರ ವಯಸ್ಸಿನಲ್ಲಿ ಮ್ಯೂನಿಕ್‌ನ ಆಸ್ಪತ್ರೆಯಿಂದ ತಮಗೂ ಕೆಲಸಕ್ಕೆ ಕರೆದು ಒಂದು ಕಾಗದ ಬಂದಿತ್ತು. ಆ ವಾರವೇ ವಾರ್ಡಿನಲ್ಲಿ ಇಬ್ಬರು ರಜೆ ಹಾಕಿದ್ದರು, ಉತ್ತರ ಬರೆಯುವುದು ಉಳಿದೇ ಹೋಯಿತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ಹೋಗೋದಾದ್ರೆ ಹೋಗು. ಆದ್ರೆ ಈ ಉಚ್ಚಾರಣೆ ಹೊತ್ಕೊಂಡು ಹೋಗ್ಬೇಡ, ನಮ್ಮ ಮರ್ಯಾದೆ ಪ್ರಶ್ನೆ. ನಮ್ಮಜ್ಜಿ ಮನೇಲಿ ಜರ್ಮನ್ನೇ ಆಡ್ತಿದ್ರು. ದಿನಾ ಊಟದ ಹೊತ್ತಿಗೆ ಬಾ."

ಪಾಪ್ರಿಕಾ ಹಾಕಿದ ಮೀನಿನ ಸಾರಿನ ಮುಂದೆ ಪಾಠ ಶುರುವಾಯಿತು. ಜರ್ಮನ್‌ನಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ ಎಂದು ರೊಜಾಲಿಯಾ ಹೇಳಿದಾಗ, "ಅದಕ್ಕೇ ಅವರು ಊಟಕ್ಕೆ ಕೂತ್ರೆ ಅಷ್ಟು ಗಂಭೀರ," ಎಂದರು ವಿನ್ಕೊ. ಒತೀಲಿಯಾ ಮಾತ್ರ ಊಟದ ಮನೆಗೆಲ್ಲ ಕೇಳುವಂತೆ, "ಇರೋ ಒಬ್ಬಳು ಸಿಸ್ಟರನ್ನೂ ಇವರೇ ಬಸ್ ಹತ್ತಿಸ್ತಿದ್ದಾರೆ ನೋಡಿ!" ಎಂದು ಗೋಡೆಗೆ ಹೇಳಿದರು.

ನವೆಂಬರಿನ ಒಂದು ಬೆಳಿಗ್ಗೆ ತಪಾಸಣೆಗೆಂದು ದುಬ್ರಾವ್ಕಾ ಎಂಬ ಅಧಿಕಾರಿಣಿ ಹೇಳದೆ ಕೇಳದೆ ಬಂದರು. ಮೇಲ್ವಿಚಾರಕ ಕ್ರೆಶಿಮಿರ್ ಕಾಫಿ ತರಿಸಲು ಓಡುವಷ್ಟರಲ್ಲಿ ಆಕೆ ಖಾಲಿ ಕೋಣೆಯೊಂದಕ್ಕೆ ನುಗ್ಗಿ, ಮಂಚದ ಮೇಲೆ ಕೂತು, ಗಡಿಯಾರ ನೋಡುತ್ತಾ ಬೆಲ್ ಒತ್ತಿದರು. ನಾಲ್ಕು ಸೆಕೆಂಡಾಗಿರಲಿಲ್ಲ, ಗೋಡೆ ಗದರಿತು.

"ಉಸಿರಾ, ಉಚ್ಚೆನಾ, ಊರ ಸುದ್ದಿನಾ?"

ದುಬ್ರಾವ್ಕಾ ಗಾಬರಿಯಾಗಿ, "ನಾನು... ನಾನು ಸರ್ಕಾರದ ಕಡೆಯಿಂದ," ಎಂದರು.

"ಹಾಗಾದ್ರೆ ಊರ ಸುದ್ದಿ. ಕಾಯ್ತಾ ಇರಿ, ಬರ್ತೀನಿ."

ಹದಿನೆಂಟು ನಿಮಿಷದ ಮೇಲೆ ವಾಕರಿನ ಸದ್ದು ಬಾಗಿಲಿಗೆ ಬಂತು. "ನೀವು ಇಲ್ಲಿನ ಹೆಡ್ ಸಿಸ್ಟರಾ?" ಎಂದು ದುಬ್ರಾವ್ಕಾ ಕೇಳಿದರು.

"ಇಲ್ಲಮ್ಮ, ನಾನು ವಿಶ್ರಾಂತಿಗೆ ಬಂದವಳು. ಮಂಚದಿಂದ ಏಳಿ, ಈಗಷ್ಟೇ ದುಪ್ಪಟಿ ಹಾಕಿದ್ದಾರೆ."

ಹಿಂದೆಯೇ ಬಂದ ಕ್ರೆಶಿಮಿರ್ ಗೋಡೆಗೆ ಒರಗಿಕೊಂಡ. ದುಬ್ರಾವ್ಕಾ ಎರಡು ಗಂಟೆ ಎಲ್ಲ ಕೋಣೆ ಸುತ್ತಿದರು. ಮಲಗಿದಲ್ಲೇ ಇರುವ ಹನ್ನೊಂದು ಜನರಲ್ಲಿ ಒಬ್ಬರ ಬೆನ್ನಲ್ಲೂ ಹುಣ್ಣಿರಲಿಲ್ಲ. ಆದರೂ ಕಾಗದದಲ್ಲಿ ಬರೆಯಲೇಬೇಕಾದ್ದನ್ನು ಬರೆದರು: ಸಿಸ್ಟರ್‌ಗಳು ಸಾಲದು, ಕೂಡಲೇ ನೇಮಿಸಬೇಕು, ನಿವಾಸಿಗಳಿಂದ ಸಿಬ್ಬಂದಿಯ ಕೆಲಸ ಮಾಡಿಸಕೂಡದು.

ಮೇಜು ಖಾಲಿಯಾಯಿತು. ಮೈಕು ಬಾಯಿ ಮುಚ್ಚಿತು. ಒಂದು ವಾರ ರೊಜಾಲಿಯಾ ಕೋಣೆಯಲ್ಲಿ ಸ್ವೆಟರ್ ಹೆಣೆದರು. ಎರಡು ತೋಳೂ ಎಡಗೈಯದ್ದಾದವು. ಸ್ನೆಜಾನಾ ಮತ್ತೆ ಮೆಟ್ಟಿಲ ಮೇಲೆ. ಎಂಟನೆಯ ದಿನ ಕ್ರೆಶಿಮಿರ್‌ನ ಆಫೀಸಿಗೆ ಹೋದವರು ರೊಜಾಲಿಯಾ ಅಲ್ಲ, ಒತೀಲಿಯಾ.

"ಆ ಮುದುಕೀನ ವಾಪಸ್ ಕೂರಿಸ್ತೀಯೋ ಇಲ್ವೋ? ನಿನ್ನೆ ಬೆಲ್ ಒತ್ತಿ ಒಂದು ಗಂಟೆ ಕಾದೆ. ಬೈಯೋಕ್ಕೂ ಯಾರೂ ಬರಲಿಲ್ಲ!"

ಕ್ರೆಶಿಮಿರ್ ಹೆದರುತ್ತಾ ದುಬ್ರಾವ್ಕಾಗೆ ಫೋನ್ ಮಾಡಿದ. ಆಕೆ, "ಪಿಂಚಣಿದಾರರು ಅರ್ಧ ದಿನ ದುಡಿಯಬಹುದಲ್ವಾ? ಬಾಗಿಲ ಮೇಜಿಗೆ ಗುಮಾಸ್ತರು ಬೇಕಲ್ವಾ? ಆ ಗುಮಾಸ್ತರ ಮನೆ ಎಲ್ಲಿದೆ ಅಂತ ನಾನ್ಯಾಕೆ ಕೇಳಲಿ?" ಎಂದರು.

ಹೀಗೆ ರೊಜಾಲಿಯಾಗೆ ಎಂಬತ್ತೆರಡರಲ್ಲಿ ಹೊಸ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಗುಮಾಸ್ತೆ, ಆಮೇಲೆ ನಿವಾಸಿ. ಮಧ್ಯಾಹ್ನದ ಹೊತ್ತು ಬೆಳಗಿನ ಗುಮಾಸ್ತೆಯ ಬಾಯಿ ಜೋರೆಂದು ಯಾರಾದರೂ ದೂರಿದರೆ, "ಹೌದಂತೆ, ನಾನೂ ಕೇಳಿದ್ದೀನಿ," ಎನ್ನುತ್ತಿದ್ದರು.

ಸ್ನೆಜಾನಾ ಪರೀಕ್ಷೆ ಪಾಸಾದಳು. ಮಾರ್ಚಿನಲ್ಲಿ ಹೊರಟೂಬಿಟ್ಟಳು. ವಿನ್ಕೊ ಬಸ್ಸಿನ ಹೊತ್ತನ್ನು ಧ್ವನಿವರ್ಧಕದಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ರೊಜಾಲಿಯಾ ಅವಳ ಕೋಟಿನ ಕಾಲರ್ ಸರಿಮಾಡಿ, "ಅಲ್ಲಿ ಭಾರ ಎತ್ತೋವಾಗ ಮಂಡಿ ಬಗ್ಗಿಸು, ಬೆನ್ನಲ್ಲ," ಎಂದರು. ಅವಳು ಅಳುತ್ತಾ ಜರ್ಮನ್‌ನಲ್ಲಿ ಧನ್ಯವಾದ ಹೇಳಿದಳು. ವ್ಯಾಕರಣ ಸರಿಯಾಗಿತ್ತು.

ಮೂರು ವಾರ ಪಕ್ಕದೂರಿನ ಆಸ್ಪತ್ರೆಯಿಂದ ದಿನಕ್ಕೊಬ್ಬರು ಸಿಸ್ಟರ್ ಎರವಲು ಬಂದರು. ಆಮೇಲೆ ಫಿಲಿಪೀನ್ಸ್‌ನಿಂದ ಮರಿಸೆಲ್ ಎಂಬಾಕೆ ಬಂದಳು, ಜೊತೆಗೆ ಇದೇ ಕೆಲಸಕ್ಕೆ ಅವಳ ತಂಗಿಯೂ. ಇಬ್ಬರಿಗೂ ಕ್ರೊಯೇಷಿಯನ್ ಭಾಷೆಯ ನಾಲ್ಕು ಮಾತೂ ಬಾರದು. ಮೊದಲ ದಿನ ಮರಿಸೆಲ್ ಹಾಸಿಗೆ ಹಾಸುವುದನ್ನು ರೊಜಾಲಿಯಾ ಬಾಗಿಲಲ್ಲಿ ನಿಂತು ನೋಡಿದರು. ದುಪ್ಪಟಿಯ ನಾಲ್ಕು ಮೂಲೆಯೂ ಲಕೋಟೆಯಂತೆ ಮಡಚಿಕೊಂಡವು. ಒಂದು ನೆರಿಗೆಯಿಲ್ಲ.

"ಏನಾದ್ರೂ ತಪ್ಪಿದೆಯೇನ್ರೀ?" ಎಂದು ವಿನ್ಕೊ ಪಿಸುಗುಟ್ಟಿದರು.

ರೊಜಾಲಿಯಾ ಇನ್ನೊಂದು ಸಲ ನೋಡಿದರು. ಹೇಳಲು ಏನೂ ಸಿಗಲಿಲ್ಲ. ಊಟ ಮುಗಿಸಿ ಕೋಣೆಗೆ ಹೋಗಿ ಮಲಗಿದವರು ನಾಲ್ಕು ಗಂಟೆಯವರೆಗೂ ಏಳಲಿಲ್ಲ. ಗೊರಕೆ ಲಿಫ್ಟಿನವರೆಗೂ ಕೇಳುತ್ತಿತ್ತು ಎಂದು ಒತೀಲಿಯಾ ಈಗಲೂ ಹೇಳುತ್ತಾರೆ.